ಪೇರಲ ಹಣ್ಣಿನ ಯೀಸ್ಟು

“ಬಾಯಾರ, ಒಡದ ಹಣ್ಣು ಯಾಕ ಆರಿಸಾಕತ್ತೀರಿ? ಗಿಡದಾಗ ಚಲೋವು ಅದಾವಲ್ರಿ!”

ಬಗ್ಗಿದ್ದವಳು ತಲೆ ಎತ್ತಿದೆ. ಚೊಳಚಗುಡ್ಡದ ಆ ಪೇರಲ ತೋಟದ ಒಡೆಯ ಅಂದಪ್ಪ, ಕೈಯಲ್ಲಿ ಸಲಿಕೆ ಹಿಡಿದು ನಗುತ್ತಿದ್ದರು.

“ನನಗ ಹಣ್ಣು ಬ್ಯಾಡ್ರಿ. ಅದರ ಮ್ಯಾಲಿನ ಯೀಸ್ಟ್ ಬೇಕು. ಹಣ್ಣು ಹುಳಿ ಬರಸ್ತಾವಲ್ಲ, ಆ ಸಣ್ಣ ಜೀವ.”

೧೯೮೬ರ ಡಿಸೆಂಬರ್ ಅದು. ನಾನು ಬಸಲಿಂಗವ್ವ, ಇಳಕಲ್ಲಿನವಳು. ಪುಣೆಯ ಲ್ಯಾಬೊಂದರಲ್ಲಿ ಹನ್ನೊಂದು ವರ್ಷ ಕಳೆದಿದ್ದೆ; ಆ ಕೆಲಸದ ಮೇಲೆಯೇ ಈ ಕಡೆ ಬಂದಿದ್ದೆ. ಅವ್ವ ತೀರಿದ ಮೇಲೆ ಊರಿಗೆ ಬರಲು ನೆಪವೂ ಉಳಿದಿರಲಿಲ್ಲ. ಸಂಜೆ ರೂಮಿನ ಬಾಗಿಲು ಹಾಕಿದರೆ ಮರುದಿನದವರೆಗೆ ಯಾರೊಂದಿಗೂ ಮಾತಿಲ್ಲ.

ಮೂರು ದಿನ ಅಂದಪ್ಪನೇ ಒಡೆದ ಹಣ್ಣು ಹುಡುಕಿ ಕೊಟ್ಟರು. ಹೆಂಡತಿ ತೀರಿ ಆರು ವರ್ಷವಾಗಿತ್ತಂತೆ. ಅದನ್ನು ಹೇಳುವಾಗ ಗಿಡದ ಕಡೆ ನೋಡಿದರು.

“ಯಾವ ಯೀಸ್ಟು ಅಂತ ಹೆಂಗ ಗುರ್ತು ಹಿಡೀತೀರಿ?”

“ಮೈಕ್ರೊಸ್ಕೋಪಿನಾಗ ಎಲ್ಲಾ ಒಂದ ಥರಾ ಕಾಣ್ತಾವ. ಅದಕ್ಕ ಡಿಎನ್‌ಎ ತಗದು ಬಿಸಿ ಮಾಡ್ತೇನಿ. ಅದರ ಜೋಡಿ ಎಳಿ ಎಷ್ಟು ಬಿಸಿಗೆ ಬಿಚ್ಚತಾವ ನೋಡಿದ್ರ, ಬ್ಯಾರೆ ಬ್ಯಾರೆ ಅಂತ ಗೊತ್ತಾಗ್ತೈತಿ.”

“ಕೆಲವು ಲಗೂನ ಬಿಚ್ಚೂದಿಲ್ಲೇನ್ರಿ?”

“ಇಲ್ರಿ. ಭಾಳ ಹಠ ಮಾಡ್ತಾವ.”

“ಇಳಕಲ್ಲ ಕಡೇವು ಇರಬೇಕು,” ಎಂದು ಕಣ್ಣಂಚಿನಲ್ಲಿ ನೋಡಿದರು. ನಾನು ಹಣ್ಣಿನ ಚೀಲದ ಮೇಲೆ ನಂಬರು ತಪ್ಪು ಬರೆದೆ.

ಫೆಬ್ರುವರಿಯಲ್ಲಿ ಫಲಿತಾಂಶ ಬಂತು. ಕಣ್ಣಿಗೆ ಒಂದೇ ಆಗಿದ್ದ ಎರಡು ಯೀಸ್ಟುಗಳ ನಡುವೆ ನಾಲ್ಕು ಡಿಗ್ರಿ ವ್ಯತ್ಯಾಸ! ಕುಣಿಯುವಷ್ಟು ಖುಷಿಯಾಯಿತು. ತಿರುಗಿ ನೋಡಿದರೆ ಲ್ಯಾಬ್ ಖಾಲಿ. ಎಲ್ಲರೂ ಮನೆಗೆ ಹೋಗಿದ್ದರು.

ಅಂದಪ್ಪನಿಗೆ ಕಾರ್ಡು ಬರೆದೆ. ಹತ್ತು ದಿನಕ್ಕೆ ಉತ್ತರ ಬಂತು: “ನಿಮ್ಮ ಸುದ್ದಿ ತಿಳದು ಸಂತೋಷ ಆತು. ಮಾತಾಡಾಕ ಯಾರೂ ಇಲ್ಲ, ತೋಟ ಭಾಳ ದೊಡ್ಡದು ಅನಸಾಕತ್ತೈತಿ.”

ನಾಲ್ಕು ಸಲ ಓದಿದೆ. ಏಪ್ರಿಲ್‌ನಲ್ಲಿ ರಜೆ ಹಾಕಿ, ಬಾದಾಮಿಯಲ್ಲಿ ಇಳಿದು ಚೊಳಚಗುಡ್ಡಕ್ಕೆ ಹೋದೆ.

ಅಂದಪ್ಪ ಗಿಡಗಳಿಗೆ ನೀರು ಹಾಯಿಸುತ್ತಿದ್ದರು. ನನ್ನನ್ನು ಕಂಡು ಗಾಬರಿಯಾದರು.

“ಬಾಯಾರ, ಈಗ ಗಿಡದಾಗ ಒಂದೂ ಹಣ್ಣಿಲ್ರಿ!”

“ಗೊತ್ತೈತ್ರಿ.”

“ಮತ್ತ?”

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. “ಒಬ್ಬಾಕಿನ ಇದ್ದು ಸಾಕಾಗೇತ್ರಿ,” ಎಂದೆ. “ನಿಮ್ಮ ಕೂಡ ಇರಾಕ ಬಂದೇನಿ.”

ನೀರು ಕಾಲುವೆ ದಾಟಿ ಹರಿಯತೊಡಗಿತ್ತು. ಅವರು ಒದ್ದೆ ಕೈ ಒರೆಸಿಕೊಂಡು ನನ್ನ ಬ್ಯಾಗು ಎತ್ತಿಕೊಂಡರು.

“ಬಿಸಲಾಗ ನಿಂದರಬ್ಯಾಡ,” ಎಂದರು. “ಮನಿಗೆ ಬಾ.”