ಆಯಿಲ್ ಜಗಳದಲ್ಲಿ ಚಿನಕುರಳಿ

"ನಿಮ್ಮತ್ತೆಗೆ ಹೇಳು, ಗಾಡಿ ಸಾವಿರ ಕಿಲೋಮೀಟರ್ ಓಡಿದೆ. ಇಂಜಿನ್ ಆಯಿಲ್ ಬದಲಾಯಿಸ್ಬೇಕು," ಎಂದರು ತಾತ, ತಟ್ಟೆಯಿಂದ ತಲೆ ಎತ್ತದೆ.

ಅತ್ತೆ ಕೂತಿದ್ದದ್ದು ತಾತನ ಎದುರಿಗೇ. ಆದರೂ ಚಿನಕುರಳಿ ಆ ಕಡೆ ತಿರುಗಿ ಅಷ್ಟನ್ನೂ ಒಪ್ಪಿಸಿದಳು. ಬಾಯಿ ಬಲು ಚುರುಕು ಅಂತ ಮನೆಯವರು ಅವಳಿಗಿಟ್ಟ ಹೆಸರೇ ಅದು.

"ನಿಮ್ಮ ತಾತಂಗೆ ಹೇಳು, ಹತ್ತು ಸಾವಿರಕ್ಕೆ ಬದಲಾಯಿಸಿದ್ರೆ ಸಾಕು ಅಂತ ಕಾರಿನ ಪುಸ್ತಕದಲ್ಲಿದೆ."

"ಪುಸ್ತಕ ಬರೆದೋನು ಯಾವತ್ತಾದ್ರೂ ಇಂಜಿನ್ ಬಿಚ್ಚಿದಾನಾ, ಕೇಳು."

"ಇಂಜಿನ್ ಮಾಡಿದೋರೇ ಪುಸ್ತಕ ಬರೆದಿರೋದು ಅಂತ ಹೇಳು."

ತಾತ ಬಸ್ ಡಿಪೋದಲ್ಲೇ ತಲೆ ನರೆಸಿಕೊಂಡ ಮೆಕ್ಯಾನಿಕ್. ಹೊಸ ಇಂಜಿನ್ ಒಳಗೆ ಲೋಹ ತೇಯ್ದು ಪುಡಿ ಉದುರುತ್ತದೆ, ಅದಕ್ಕೇ ಮೊದಲ ಆಯಿಲನ್ನು ಬೇಗ ತೆಗೆಯಬೇಕು ಎನ್ನುವುದು ಅವರ ವೇದವಾಕ್ಯ. ಅತ್ತೆಯೋ ಹೊಟ್ಟೆಬಟ್ಟೆ ಕಟ್ಟಿ ಈ ಕೆಂಪು ಸ್ಪೋರ್ಟ್ಸ್ ಕಾರು ಕೊಂಡವಳು. ಅದಕ್ಕಿರುವುದು ಎರಡೇ ಸೀಟು. ಆಯಿಲ್ ಬದಲಾಗುವ ತನಕ ತಾನೂ ಕೂರುವುದಿಲ್ಲ, ಮೊಮ್ಮಗಳನ್ನೂ ಕೂರಲು ಬಿಡುವುದಿಲ್ಲ ಎಂದು ತಾತ ಪಟ್ಟು ಹಿಡಿದರು. ಅಪ್ಪ ಮಗಳ ಮಾತು ನಿಂತಿತು.

ಶನಿವಾರ ಅದೇ ಕಾರಲ್ಲಿ ಸ್ಕೂಲಿಗೆ ಬರ್ತೀನಿ ಎಂದು ಚಿನಕುರಳಿ ಕ್ಲಾಸಿಗೆಲ್ಲ ಡಂಗುರ ಸಾರಿಬಿಟ್ಟಿದ್ದಳು.

ಇಬ್ಬರ ನಡುವೆ ಮಾತು ಹೊತ್ತು ಹೊತ್ತು ಅವಳಿಗೂ ಸಾಕಾಗಿತ್ತು. ಶುಕ್ರವಾರ ಸಂಜೆ ತಾತನ ಹತ್ತಿರ ಹೋಗಿ, "ಆಯಿಲ್ ಬದಲಾಯಿಸಿ ಅಂತಿದಾಳೆ ಅತ್ತೆ," ಎಂದಳು. ಅತ್ತೆಯ ಹತ್ತಿರ ಹೋಗಿ, "ನಿನ್ನ ಪುಸ್ತಕಾನೇ ಸರಿ ಅಂತಿದಾರೆ ತಾತ," ಎಂದಳು. ಇಬ್ಬರ ಮುಖವೂ ಅರಳಿತು. ಇಷ್ಟೇನಾ ಎಂದುಕೊಂಡು ಹಾಯಾಗಿ ನಿದ್ದೆ ಹೋದಳು.

ಬೆಳಿಗ್ಗೆ ಅತ್ತೆ ಕೀ ಕುಣಿಸುತ್ತಾ ಹೊರಗೆ ಬಂದರೆ, ಕಾರು ಜಾಕ್ ಮೇಲೆ ನಿಂತಿದೆ. ಅದರಡಿಯಿಂದ ತಾತನ ಕಾಲುಗಳು ಕಾಣುತ್ತಿವೆ. ಆಯಿಲ್ ಬೋಗುಣಿಗೆ ಸುರಿಯುತ್ತಿದೆ.

"ಅಪ್ಪಾ, ಏನ್ ಮಾಡ್ತಿದೀರಿ?"

"ನೀನೇ ಹೇಳ್ಕಳಿಸಿದ್ಯಲ್ಲ?"

"ನಾನಾ? ನೀವು ಪುಸ್ತಕಾನೇ ಸರಿ ಅಂದ್ರಂತೆ?"

ತಾತ ತೆವಳಿಕೊಂಡು ಹೊರಗೆ ಬಂದರು. ಇಬ್ಬರೂ ಬಾಗಿಲ ಕಡೆ ನೋಡಿದರು. ಚಿನಕುರಳಿ ಸ್ಕೂಲ್ ಬ್ಯಾಗ್ ಹಾಕಿಕೊಂಡು ಅಲ್ಲಿ ನಿಂತಿದ್ದಳು.

"ಸುಳ್ಳು ಹೇಳಿದ್ದು ನಾನೇ," ಎಂದಳು. "ನೀವಿಬ್ರೂ ಮಾತಾಡ್ಲಿ ಅಂತ." ಅಳು ಉಕ್ಕಿ ಬಂತು.

ಅತ್ತೆ ಬೈಯಲು ಬಾಯಿ ತೆರೆದವಳು, ಪಕ್ಕದಲ್ಲಿದ್ದ ಹೊಸ ಆಯಿಲ್ ಡಬ್ಬ ನೋಡಿ ಅದನ್ನು ಎತ್ತಿಕೊಂಡಳು. "ಈ ಕಾರಿಗೆ ಹಾಕಬೇಕಾಗಿರೋದು ಇದೇ. ನಿಮಗೆ ಹೇಗೆ ಗೊತ್ತಾಯ್ತು?"

"ನಿನ್ನ ಪುಸ್ತಕ ಓದಿದೆ," ಎಂದರು ತಾತ, ಗಡ್ಡ ಕೆರೆದುಕೊಳ್ಳುತ್ತಾ.

"ಓದಿಯೂ ಈ ಹಟಾನಾ?"

"ಅದರಲ್ಲಿರೋದು ತಪ್ಪು ಅಂತಲ್ಲಮ್ಮ. ಊರಿಂದೂರಿಗೆ ಒಬ್ಳೇ ಹೋಗ್ತೀಯ. ಗಾಡಿ ದಾರೀಲಿ ನಿಂತ್ರೆ ಏನ್ ಗತಿ ಅಂತ ನಂಗೆ ನಿದ್ದೆ ಬರಲ್ಲ. ಒಂದ್ಸಲ ನನ್ನ ಕೈಯಾರೆ ನೋಡ್ಬೇಕಿತ್ತು."

ಅತ್ತೆ ಅಂಗಿಯ ತೋಳು ಮೇಲಕ್ಕೆ ಮಡಚಿ ನೆಲದ ಮೇಲೆ ಕೂತು ತಾತನಿಗೆ ಟಾರ್ಚ್ ಹಿಡಿದಳು.

ಕೆಲಸ ಮುಗಿದು ಇಂಜಿನ್ ಗುರ್ರೆಂದಾಗ ಅತ್ತೆ ಬಾಗಿಲು ತೆಗೆದಳು. "ಕಾರು ಹತ್ತು ಚಿನಕುರಳಿ, ಸ್ಕೂಲಿಗೆ ಹೊತ್ತಾಯ್ತು."

ತಾತ ದೂರ ಸರಿದು ಇಂಜಿನ್ ಶಬ್ದಕ್ಕೆ ಕಿವಿಗೊಟ್ಟು ನಿಂತಿದ್ದರು. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಚಿನಕುರಳಿ ಸೀಟು ನೋಡಿದಳು, ತಾತನನ್ನು ನೋಡಿದಳು. ಸ್ಕೂಲ್ ಗೇಟಿನಲ್ಲಿ ಕಾಯುತ್ತಿರುವ ಗೆಳತಿಯರೂ ನೆನಪಾದರು.

"ನಾನು ನಡ್ಕೊಂಡು ಹೋಗ್ತೀನಿ. ತಾತ, ನೀನು ಕೂತ್ಕೋ."

"ಫ್ರೆಂಡ್ಸ್‌ಗೆ ಏನ್ ಹೇಳ್ತೀಯೇ?" ಎಂದಳು ಅತ್ತೆ.

"ಏನೋ ಒಂದು ಹೇಳ್ತೀನಿ." ಎರಡು ಹೆಜ್ಜೆ ಇಟ್ಟವಳು ತಿರುಗಿ, "ನಿಜಾನೇ ಹೇಳ್ತೀನಿ," ಎಂದಳು.

ತಾತ ಮೊಣಕಾಲು ಮಡಿಸಿ, ಉಸ್ಸಪ್ಪಾ ಎಂದು ತಗ್ಗಿನ ಸೀಟಿಗೆ ಇಳಿದರು. ಬೀದಿ ತಿರುವಿನಲ್ಲಿ ಕಾರು ಅವಳನ್ನು ದಾಟಿಕೊಂಡು ಹೋಯಿತು. ಗಾಜಿನಾಚೆ ಇಬ್ಬರೂ ಒಟ್ಟೊಟ್ಟಿಗೇ ಮಾತಾಡುತ್ತಿದ್ದರು, ತಾತ ಕೈ ಬೇರೆ ಬೀಸುತ್ತಿದ್ದರು. ಮತ್ತೆ ಜಗಳವೇ ಇರಬೇಕು. ಆದರೆ ಈ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಜಗಳವಾಡುತ್ತಿದ್ದರು. ಚಿನಕುರಳಿ ಬ್ಯಾಗನ್ನು ಮೇಲೆಳೆದುಕೊಂಡು ಸ್ಕೂಲಿನ ದಾರಿ ಹಿಡಿದಳು.