ನೂರಕ್ಕೆ ಮೂವತ್ತೈದು

ಸಿಂಚನಾ ಗಂಡನ ಹೃದಯವನ್ನು ಬೊಗಸೆಯಲ್ಲಿ ಹಿಡಿದು ಕೂತಿದ್ದಳು. ಗಂಡ ಕೊಟ್ರೇಶ ಎದುರಿನ ಕುರ್ಚಿಯಲ್ಲಿ ಅಂಗಿಯ ಗುಂಡಿ ಬಿಚ್ಚಿಕೊಂಡು ಅದನ್ನೇ ನೋಡುತ್ತಿದ್ದ. ಅವನ ಎದೆಗೆ ಅಂಟಿಸಿದ್ದ ತೆಳುವಾದ ಪಟ್ಟಿ, ಕಿವಿಗೆ ಕೇಳದ ಶಬ್ದವನ್ನು ಒಳಗೆ ಕಳಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ಹೃದಯದ ಒಂದೊಂದು ಗೋಡೆಯ ಚಲನೆಯನ್ನೂ ಅಳೆಯುತ್ತಿತ್ತು. ಅವಳ ಕೈಯಲ್ಲಿದ್ದ ಮೆತ್ತನೆಯ ಮುದ್ದೆ ಅದೇ ಆಕಾರ ತಾಳಿ ಅದೇ ಕ್ಷಣದಲ್ಲಿ ಮಿಡಿಯುತ್ತಿತ್ತು. ದಾವಣಗೆರೆಯ ಆ ಆಸ್ಪತ್ರೆಯಲ್ಲಿ ಅದನ್ನು ಪ್ರತಿಹೃದಯ ಎನ್ನುತ್ತಿದ್ದರು. ಇಸವಿ 2057.

"ಬಿಸಿ ಐತಲ್ರೀ ಇದು," ಎಂದಳು ಸಿಂಚನಾ ಮೆಲ್ಲಗೆ.

"ಮೂವತ್ತು ವರ್ಷ ಭಟ್ಟಿ ಮುಂದ ನಿಂತದ್ದು. ಬಿಸಿ ಇರದೆ ತಣ್ಣಗಿರ್ತದೇನು?"

ಕೊಟ್ರೇಶನದು ಮಂಡಕ್ಕಿ ಭಟ್ಟಿ. ಎರಡು ತಿಂಗಳ ಹಿಂದೆ, ಕಾದ ಮರಳಿನ ಬಾಣಲೆಯ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ವೈದ್ಯರು ಮುಚ್ಚಿದ್ದ ರಕ್ತನಾಳ ತೆರೆದು, ಅದು ಮತ್ತೆ ಮುಚ್ಚದಂತೆ ಸ್ಟೆಂಟ್ ಎಂಬ ಪುಟ್ಟ ಜಾಲರಿ ಇಟ್ಟು, ಐದು ಬಗೆಯ ಮಾತ್ರೆ ಬರೆದುಕೊಟ್ಟಿದ್ದರು. ಮನೆಗೆ ಕಳಿಸುವ ದಿನ ಮಾಡಿದ ಹೃದಯದ ಸ್ಕ್ಯಾನಿನಲ್ಲಿ 35 ಎಂದು ಬಂದಿತ್ತು. ಮೂರು ವಾರದಿಂದ ಅವನು ಮಾತ್ರೆಗಳನ್ನು ಮುಟ್ಟಿಯೇ ಇಲ್ಲವೆಂದು ಈ ದಿನ ತಿಳಿದಾಗ, ವೈದ್ಯರು ಅವನನ್ನು ನೇರವಾಗಿ ಡಾ. ಮೇದಿನಿಯವರ ಕೋಣೆಗೆ ಕಳಿಸಿದ್ದರು. ಪ್ರತಿಹೃದಯವನ್ನು ರೂಪಿಸಿದವರು ಅವರೇ.

"ಮಾತ್ರೆ ಯಾಕೆ ಬಿಟ್ಟಿರಿ?" ಎಂದು ಮೇದಿನಿ ಕೇಳಿದರು.

"ಪಾಸಾಗೀನಲ್ಲ ಮೇಡಂ. ನೂರಕ್ಕೆ ಮೂವತ್ತೈದು. ಎಸ್ಸೆಸ್ಸೆಲ್ಸಿ ಗಣಿತದಾಗೂ ನನಗ ಅಷ್ಟೇ ಬಂದಿತ್ತು. ಅಷ್ಟರಾಗೇ ಸಂಸಾರ ನಡಿಸೀನಿ."

"ಓಣಿಗೆಲ್ಲ ಮಂಡಕ್ಕಿ, ಮಿರ್ಚಿ ಹಂಚ್ಯಾರ ಮೇಡಂ, ಪಾಸಾದ ಖುಷಿಗೆ," ಎಂದಳು ಸಿಂಚನಾ. "ಸೋಮವಾರದಿಂದ ಮೂಟಿ ಹೊರಾಕ ಹೊಂಟಾರ."

ಮೇದಿನಿ ನಗಲಿಲ್ಲ. "ಇದು ಅಂಕ ಅಲ್ಲ ಕೊಟ್ರೇಶ್. ಹೃದಯದ ಎಡಗೋಣೆಯಲ್ಲಿ ನೂರು ಹನಿ ರಕ್ತ ತುಂಬಿದರೆ, ಒಂದು ಬಡಿತಕ್ಕೆ ಎಷ್ಟು ಹನಿ ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ. ಗಟ್ಟಿಮುಟ್ಟಾದ ಹೃದಯವೂ ಅರವತ್ತರ ಆಸುಪಾಸು ಕಳಿಸುತ್ತದೆ. ನೂರು ಯಾರಿಗೂ ಬರುವುದಿಲ್ಲ. ನಿಮ್ಮದು ಹೆಚ್ಚುಕಮ್ಮಿ ಅದರ ಅರ್ಧದಷ್ಟೇ ಕೆಲಸ ಮಾಡುತ್ತಿದೆ. ಇದರ ಮೇಲೆ ಮಾತ್ರೆ ಬಿಟ್ಟರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ಆಗ ಆಸ್ಪತ್ರೆ ತಲುಪುವಷ್ಟು ಹೊತ್ತೂ ಸಿಗಲಿಕ್ಕಿಲ್ಲ."

ಕೊಟ್ರೇಶನ ಮುಖ ಬದಲಾಗುವ ಮೊದಲೇ ಸಿಂಚನಾಳ ಬೊಗಸೆಯಲ್ಲಿ ಮಿಡಿತ ಜೋರಾಯಿತು. ಅವಳು ಬೆಚ್ಚಿ ಗಂಡನತ್ತ ನೋಡಿದಳು. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು. ಅವನು ಹೆದರಿದ್ದು ಅವಳಿಗೆ ಹೀಗೆ ತಿಳಿದದ್ದು ಅದೇ ಮೊದಲು.

ಅವಳು ಅದನ್ನು ಅವನ ಕೈಗೆ ಕೊಟ್ಟಳು.

ಕಾದ ಮರಳಿನ ಕೆಲಸಕ್ಕೆ ಕಪ್ಪಾಗಿದ್ದ ಆ ದೊಡ್ಡ ಅಂಗೈಯಲ್ಲಿ ಅವನದೇ ಹೃದಯ ಗಡಿಬಿಡಿಯಿಂದ ಹೊಡೆದುಕೊಳ್ಳುತ್ತಿತ್ತು. ಕೋಳಿಮರಿಯನ್ನು ಸವರುವಂತೆ ಅವನು ಹೆಬ್ಬೆರಳಿನಿಂದ ಅದನ್ನು ಸವರಿದ. ಅದು ಸ್ವಲ್ಪ ನಿಧಾನವಾಯಿತು. ಮತ್ತೆ ಸವರಿದ. ಇನ್ನಷ್ಟು ನಿಧಾನವಾಯಿತು. ಯಾರು ಯಾರನ್ನು ಸಮಾಧಾನ ಮಾಡುತ್ತಿದ್ದಾರೆಂದು ಹೇಳುವಂತಿರಲಿಲ್ಲ. ಇನ್ನೂರು ಜನ ರೋಗಿಗಳಲ್ಲಿ ಇದನ್ನು ನೋಡಿದ್ದ ಮೇದಿನಿ ಈಗಲೂ ಉಸಿರು ಹಿಡಿದು ನಿಂತಿದ್ದರು.

"ಇಲ್ಲಿ ಏನೂ ಇಲ್ಲ ಮೇಡಂ," ಎಂದ ಕೊಟ್ರೇಶ, ಮುಂಭಾಗದ ಒಂದು ಜಾಗದ ಮೇಲೆ ಬೆರಳಿಟ್ಟು.

"ರಕ್ತ ಸಿಗದೆ ಸತ್ತ ಭಾಗ ಅದು. ಅದು ತಿರುಗಿ ಬರುವುದಿಲ್ಲ. ಅದರ ಪಕ್ಕ ಮುಟ್ಟಿ. ಒತ್ತಬೇಡಿ."

ಬೆರಳನ್ನು ಪಕ್ಕಕ್ಕೆ ಸರಿಸಿ ಅವನೆಂದ: "ಏನೋ ನಡುಗ್ತದ."

"ಅದು ಸತ್ತಿಲ್ಲ. ಜೋಮು ಹಿಡಿದಿದೆ. ಆಘಾತಕ್ಕೆ ಸಿಕ್ಕ ಸ್ನಾಯು ಜೀವ ಉಳಿಸಿಕೊಳ್ಳಲು ಕೆಲಸ ನಿಲ್ಲಿಸಿ ಕೂತುಬಿಡುತ್ತದೆ. ನಿಮ್ಮ ಐದು ಮಾತ್ರೆಗಳಲ್ಲಿ ಕೆಲವು ಸ್ಟೆಂಟನ್ನು ಕಾಯುತ್ತವೆ. ಉಳಿದವು ಹೃದಯದ ಮೇಲಿನ ಹೊರೆ ಇಳಿಸುತ್ತವೆ. ಹೊರೆ ಇಳಿದರೆ ಈ ಭಾಗ ಏಳಬಹುದು. ಎಲ್ಲವೂ ಏಳುತ್ತದೆಂದು ನಾನು ಹೇಳಲಾರೆ."

"ನಮ್ಮ ಭಟ್ಟ್ಯಾಗ ಕೈ ಮುರಕೊಂಡ ಆಳಿಗೆ ನಾನು ಮೂಟಿ ಹೊರಸಂಗಿಲ್ಲ," ಎಂದ ಕೊಟ್ರೇಶ, ತನ್ನ ಅಂಗೈಯನ್ನು ನೋಡುತ್ತ. "ಜರಡಿ ಹಿಡಿಯಾಕ ಕೂರಿಸ್ತೀನಿ."

"ನಿಮಗ ಮಾತ್ರ ಆ ರಜಾ ಇಲ್ಲ," ಎಂದಳು ಸಿಂಚನಾ.

ಆ ಸೋಮವಾರ ಅವನು ಮೂಟೆ ಹೊರಲಿಲ್ಲ.

ಮೂರು ತಿಂಗಳ ನಂತರದ ಸ್ಕ್ಯಾನಿನಲ್ಲಿ 44 ಎಂದಿತ್ತು. ಕೊಟ್ರೇಶ ಸಂಖ್ಯೆ ಕೇಳಲಿಲ್ಲ. ಪ್ರತಿಹೃದಯಕ್ಕಾಗಿ ಕೈ ಚಾಚಿದ. ಹೋದ ಸಲ ನಡುಗುತ್ತಿದ್ದ ಜಾಗ ಅವನ ಬೆರಳನ್ನು ಮೆಲ್ಲಗೆ, ಸರಿಯಾದ ತಾಳಕ್ಕೆ ಮೇಲೆತ್ತಿತು. ಅವನು ಹೆಂಡತಿಯ ಬೆರಳನ್ನೂ ಅಲ್ಲಿ ಇಡಿಸಿದ.

ಹೊರಡುವಾಗ ಕೊಟ್ರೇಶ ಕೇಳಿದ: "ಇಂಥದ್ದೊಂದು ಮಾಡಬೇಕಂತ ನಿಮಗ ಯಾಕ ಅನ್ನಿಸ್ತು ಮೇಡಂ?"

ಮೇದಿನಿ ಮೇಜಿನ ಖಾನೆಯಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಹಾಳೆಯೊಂದನ್ನು ತೆಗೆದು ಕೊಟ್ಟರು. ಮೇಲೆ ಆಸ್ಪತ್ರೆಯ ಮುದ್ರೆ, 2026ರ ತಾರೀಖು. ನಡುವೆ 35. ಅದರ ಪಕ್ಕ ನೀಲಿ ಪೆನ್ನಿನಲ್ಲಿ ಒಂದು ರೈಟ್ ಗುರುತು. ಕೆಳಗೆ ಯಾರೋ ದುಂಡಗೆ ಬರೆದಿದ್ದರು: ಪಾಸ್.

"ನಮ್ಮ ಮನೆಯವರು ಬರೆದದ್ದು," ಎಂದರು ಮೇದಿನಿ. "ಆಗ ಅವರ ವಯಸ್ಸು ಮೂವತ್ತೊಂದು. ನಾನೂ ನಕ್ಕಿದ್ದೆ. ಎಂಎಸ್ಸಿ ಓದಿದವಳು ನಾನು. ಅವರೂ ಮಾತ್ರೆ ಬಿಟ್ಟರು, ವರ್ಷ ದಾಟಲಿಲ್ಲ."

ಕೊಟ್ರೇಶ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. "ಆಗ ಈ ಯಂತ್ರ ಇರಲಿಲ್ಲಲ್ಲ ಮೇಡಂ."

"ಯಂತ್ರ ಬೇಕಿರಲಿಲ್ಲ," ಎಂದರು ಮೇದಿನಿ. "ಈ ಸಂಖ್ಯೆ ಅಂದರೆ ಏನು ಅಂತ ಕೇಳಿದ್ದರೆ ಸಾಕಿತ್ತು. ಡಾಕ್ಟರು ಮೇಜಿನ ಆಚೆಗೇ ಕೂತಿದ್ದರು."