ಬೋಣಿಗೆ ಕೆಡಿಸುವ ಗಿರಾಕಿ

ಹೊತ್ತು ಹುಟ್ಟುವ ಮೊದಲೇ ಸಿಟ್ಟಿಗೇಳುವುದು ಒಳ್ಳೆಯದಲ್ಲ ಎಂದು ಸಾವಂತ್ರವ್ವನಿಗೆ ಗೊತ್ತಿತ್ತು. ಆದರೆ ಖಾನಾಪುರದ ಮೊದಲ ಬಸ್ಸು ಬರುವುದೇ ಅಷ್ಟೊತ್ತಿಗೆ, ಏನು ಮಾಡುವುದು!

ಆ ಬಸ್ಸಿಗೆ ಸತ್ಯಪ್ಪ ಬರುತ್ತಿದ್ದ. ಖಾನಾಪುರ ಸ್ಟ್ಯಾಂಡಿನ ಹತ್ತಿರ ಸಣ್ಣ ಖಾನಾವಳಿ ಇಟ್ಟವನು. ಎಪ್ಪತ್ತೆಂಟರ ಚಳಿಗಾಲವಿಡೀ ಅವನು ಬೆಳಗಾವಿಯ ಕ್ಯಾಂಪ್ ಭಾಗದ ಮೀನು ಪೇಟೆ ಹೊಕ್ಕವನೇ, ಬೇರೆ ಯಾರ ಕಡೆಗೂ ನೋಡದೆ ಸಾವಂತ್ರವ್ವನ ಕಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಒಂದೊಂದೇ ಬಾಂಗಡೆ ಎತ್ತಿ, ಕಿವಿರು ಬಿಡಿಸಿ ನೋಡುವುದು.

"ಕೆಂಪ ಐತಿ."

"ಮತ್ತ ಹಸರ ಇರತೈತೇನ್ರಿ?"

"ಕಣ್ಣೂ ಚಲೋ ಅದಾವ." ಹೀಗೆನ್ನುವಾಗ ಅವನು ಮೀನನ್ನು ನೋಡುತ್ತಿರಲಿಲ್ಲ.

"ಮೀನಿಂದ ಹೇಳಾಕತ್ತೀರಿ ಹೌದಲ್ಲೋ?"

"ಮತ್ತ್ಯಾರದ್ರಿ?" ಎಂದು ಕಿವಿಯ ತನಕ ಕೆಂಪಗಾಗಿ, ಅದೇ ಬಾಂಗಡೆಯನ್ನು ಮೂರನೇ ಸಲ ಎತ್ತುವನು.

ಹೀಗೆ ಕಾಲು ತಾಸು. ಆಮೇಲೆ ಎದ್ದು, ಚೀಲ ಝಾಡಿಸಿ, ಪಕ್ಕದ ಕಟ್ಟೆಯ ಮುದುಕಿ ಕಾಡವ್ವನ ಹತ್ತಿರ ಎರಡು ಡಜನ್ ಕೊಂಡು ಹೋಗಿಬಿಡುವನು!

ಮೊದಲ ಗಿರಾಕಿ ಬರಿಗೈಯಲ್ಲಿ ಎದ್ದು ಹೋದರೆ ಬೋಣಿಗೆ ಕೆಟ್ಟಂತೆ. ಅದು ನಂಬಿಕೆಯಷ್ಟೇ ಅಲ್ಲ. ಖಾನಾವಳಿಯವನೇ ಅಷ್ಟು ನೋಡಿ ಬಿಟ್ಟನೆಂದರೆ ಈ ಮೀನಿನಲ್ಲಿ ಏನೋ ಐಬು ಇದೆ ಎಂದು ಹಿಂದೆ ನಿಂತವರೂ ಬೇರೆ ಕಟ್ಟೆಗೆ ಸರಿಯುತ್ತಾರೆ. ಹನ್ನೊಂದಾದರೂ ಸಾವಂತ್ರವ್ವನ ಬುಟ್ಟಿ ಅರ್ಧ ಹಾಗೇ ಉಳಿಯುತ್ತಿತ್ತು. ಗೋವಾದಿಂದ ಮಾಲು ತರಿಸುವ, ಕಟ್ಟೆಗಳನ್ನೂ ತನ್ನ ಕೈಯಲ್ಲಿಟ್ಟುಕೊಂಡಿದ್ದ ದುಂಡಪ್ಪ ಖಡಕ್ಕಾಗಿ ಹೇಳಿದ್ದ:

"ಯುಗಾದಿ ತನಕ ನೋಡ್ತೀನಿ. ಹಿಂಗ ಉಳದ್ರ ಕಟ್ಟಿ ಮತ್ತೊಬ್ಬರಿಗೆ."

ಅವಳ ತಾಯಿ ಇಪ್ಪತ್ತು ವರ್ಷ ಕೂತ ಕಲ್ಲು ಅದು. ಅದೊಂದು ಹೋದರೆ ಸಾವಂತ್ರವ್ವನಿಗೆ ಬೇರೆ ಅನ್ನವಿಲ್ಲ.

ಒಂದು ದಿನ ಅವಳು ಅವನ ಚೀಲ ಹಿಡಿದು ನಿಲ್ಲಿಸಿದಳು.

"ನನ್ನ ಮೀನ ಕೊಳತಾವೇನ್ರಿ?"

"ಇಲ್ರಿ."

"ರೇಟ್ ಜಾಸ್ತಿ ಏನು?"

"ಇಲ್ರೀ."

"ಹಂಗಾರ ಕಾಡವ್ವನ ತಕ್ಕಡಿ ಬಂಗಾರದ್ದೇನು?"

ಸತ್ಯಪ್ಪ ತನ್ನ ಚಪ್ಪಲಿ ನೋಡಿಕೊಂಡ.

"ನಾಳಿಂದ ಈ ಕಡೆ ಬರಬ್ಯಾಡ್ರಿ. ನಿಮ್ಮ ಸಲುವಾಗಿ ನನ್ನ ಕಟ್ಟಿ ಹೊಂಟೈತಿ."

ಅವನು ಕಾಡವ್ವನ ಹತ್ತಿರವೂ ಕೊಳ್ಳದೆ ಹೊರಟ. "ಇಬ್ಬರ ಬೋಣಿಗೀನೂ ಕೆಡಿಸಿದೆಲ್ಲ ತಾಯಿ!" ಎಂದು ಮುದುಕಿ ಹಣೆ ಬಡಿದುಕೊಂಡಳು.

ಮರುದಿನದಿಂದ ಒಂಬತ್ತಕ್ಕೇ ಸಾವಂತ್ರವ್ವನ ಬುಟ್ಟಿ ಖಾಲಿ. ದುಂಡಪ್ಪ ಖುಷಿಯಾಗಿ, ಯುಗಾದಿಯ ಮಾತು ಬಿಟ್ಟು, ಇನ್ನೊಂದು ಬುಟ್ಟಿ ಹೆಚ್ಚಿಗೆ ಇಳಿಸಿದ. ಅದೂ ಹೋಯಿತು. ಆದರೂ ಅವಳು ಕರಗುವ ಬರ್ಫಕ್ಕೆ ಬೈದಳು, ಕಾಗೆಗೆ ಬೈದಳು, ತೂಕದ ಕಲ್ಲಿಗೂ ಬೈದಳು. ಖಾನಾಪುರದ ಬಸ್ಸಿನ ಹೊತ್ತಿಗೆ ಮಾತ್ರ ಬೈಗುಳ ನಿಲ್ಲುತ್ತಿತ್ತು.

"ಮಾಲೆಲ್ಲಾ ಹೋತು. ಹುಬ್ಬ ಯಾಕ ಗಂಟ ಹಾಕ್ಕೊಂಡಿ?" ಎಂದಳು ಕಾಡವ್ವ.

"ಬಿಸಲ ಐತಿ."

"ನೆರಳಾಗ ಕುಂತೀಯಲ್ಲವಾ."

ಹತ್ತನೇ ದಿನ, ಮಧ್ಯಾಹ್ನ. ಅವಳು ಕಟ್ಟೆ ತೊಳೆಯುತ್ತಿದ್ದಾಗ ಎದುರಿಗೆ ಆ ಚಪ್ಪಲಿಗಳು ಬಂದು ನಿಂತವು. ಕೈಯಲ್ಲಿ ಚೀಲವಿರಲಿಲ್ಲ.

"ಎಲ್ಲಾ ಖಾಲಿ," ಎಂದಳು ತಲೆಯೆತ್ತದೆ.

"ಖಾಲಿ ಆಗ್ಲಿ ಅಂತನ ಬಸ್ ಸ್ಟ್ಯಾಂಡಿನಾಗ ಮುಂಜಾನಿಂದ ಕುಂತಿದ್ನಿ. ಇವತ್ತ ಒಲಿ ಹಚ್ಚಿಲ್ಲ."

"ಮೀನ ಇಲ್ಲದಾಗ ಮೀನ ಪ್ಯಾಟಿಗೆ ಯಾಕ ಬರಬೇಕು?"

"ಇದ್ದಾಗ ಕೊಳ್ಳಾಕ ಧೈರ್ಯ ಆಗಲಿಲ್ರಿ. ಕೊಂಡರ ಎರಡ ನಿಮಿಷದಾಗ ಕಟ್ಟಿಕೊಟ್ಟು ಕಳಸ್ತಿದ್ರಿ. ಕೊಳ್ಳದಿದ್ರ ಕಾಲ ತಾಸು ಬೈತಿದ್ರಿ. ನಮ್ಮವ್ವ ಹೋದ ಮ್ಯಾಗ ನನ್ನ ಅಷ್ಟು ಮನಸಿಟ್ಟು ಯಾರೂ ಬೈದಿಲ್ರಿ."

ಸಾವಂತ್ರವ್ವನ ಕೈಯ ತಂಬಿಗೆಯಿಂದ ನೀರು ಸುಮ್ಮನೆ ಸುರಿಯುತ್ತಿತ್ತು.

"ಅದಕ್ಕಂತ ನನ್ನ ಹೊಟ್ಟಿ ಮ್ಯಾಲ ಕಾಲಿಟ್ಟೆ? ಮನಷ್ಯಾ ಅದೀಯೋ ಏನದೀಯೋ!"

"ತಪ್ಪಾತ್ರಿ. ತಿಳೀಲಿಲ್ಲ."

"ಈಗೇನ ಬೇಕು?"

"ಲಗ್ನ ಆಗೂಣು ಅಂತ..."

"ಈ ಕಟ್ಟಿ ನಾ ಬಿಡೂದಿಲ್ಲ. ಖಾನಾಪುರಕ್ಕ ಬಂದು ನಿನ್ನ ಒಲಿ ಊದ್ತೀನಂತ ತಿಳಕೋಬ್ಯಾಡ."

"ಬ್ಯಾಡ್ರಿ. ಮುಂಜಾನೆ ಮೊದಲ ಬಸ್ಸಿಗೆ ಇಬ್ಬರೂ ಬರೂಣು. ನಾ ಮೀನ ತಗೊಂಡು ಹೊಳ್ಳಿ ಹೋಗ್ತೀನಿ. ನೀವು ಕಟ್ಟಿ ತೊಳದು ಮಧ್ಯಾಹ್ನದ ಬಸ್ಸಿಗೆ ಬರ್ರಿ. ಬಿಸಿ ಅನ್ನ ಇಟ್ಟಿರತೀನಿ."

ಹತ್ತು ದಿನದಲ್ಲಿ ಬಸ್ಸಿನ ವೇಳೆಯನ್ನೂ ಹೊಂದಿಸಿಕೊಂಡು ಬಂದ ಗಂಡಸಿನ ಮೇಲೆ ಎಷ್ಟಂತ ಸಿಟ್ಟು ಹಿಡಿಯುವುದು? ಆದರೂ ಅವಳು ಹುಬ್ಬು ಸಡಿಲಿಸಲಿಲ್ಲ.

"ನನಗ ಹಿರಿಯಾಕಿ ಅಂದ್ರ ಕಾಡವ್ವ. ಆಕೀನ್ನ ಕೇಳು."

ಸೆರಗು ಮುಖಕ್ಕೆ ಹಾಕಿಕೊಂಡು ಮಲಗಿದ್ದ ಕಾಡವ್ವ ಸೆರಗಿನೊಳಗಿಂದಲೇ ಅಂದಳು: "ನಾಕ ತಿಂಗಳಾತು, ನಿಮ್ಮಿಬ್ಬರ ಜಗಳ ಕೇಳಾಕ ಹತ್ತೇನಿ. ಲಗೂ ಹೂಂ ಅನ್ನವಾ, ನನಗ ನಿದ್ದಿ ಮಾಡಾಕ ಬಿಡು."

ಸಾವಂತ್ರವ್ವ ಹೂಂ ಅನ್ನಲಿಲ್ಲ. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು, ಬಾಯಿ ಬಿಡುವ ಹಾಗಿರಲಿಲ್ಲ.

"ಒಂದರ ಬಸ್ಸು ಹೋತು," ಎಂದ ಸತ್ಯಪ್ಪ, ದಿಕ್ಕು ತೋಚದೆ. "ಇನ್ನ ನಾಕಕ್ಕ."

"ಅಲ್ಲೀತನಕ ಹಿಂಗ ನಿಂತ ಇರಾಂವೇನು, ಹುಚ್ಚಾ?"

ಗಿರಾಕಿಗಳು ಎಂದೂ ಕಾಲಿಡದ, ಕಟ್ಟೆಯ ಒಳಮಗ್ಗುಲಿನಲ್ಲಿ ಕಲ್ಲು ಇನ್ನೂ ಒದ್ದೆಯಾಗಿತ್ತು. ಅವಳು ಸೆರಗಿನ ತುದಿಯಿಂದ ಅದನ್ನು ಒಬ್ಬರು ಕೂರುವಷ್ಟು ಒರೆಸಿ, ಸ್ವಲ್ಪ ಆಚೆ ಸರಿದು ಕೂತಳು.